ಮೂಲೆಕೋಣೆಗೆ ಕಾವು ಬಂದದ್ದು

ಅಪ್ಪ ಮಲಗುವ ಮೂಲೆಕೋಣೆಯ ರೇಡಿಯೇಟರ್ ಮೇಲೆ, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆಯನ್ನು ಕಾಯಿಸುವ ಲೋಹದ ಸಾಧನದ ಮೇಲೆ, ನಾನು ಕೈಯಿಟ್ಟು ನೋಡಿದ ರಾತ್ರಿಗಳಿಗೆ ಲೆಕ್ಕವಿಲ್ಲ. ಕೆಳಗಿನ ಹಜಾರದಲ್ಲಿ ರೇಡಿಯೇಟರ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಮೆಟ್ಟಿಲು ಹತ್ತಿ, ಉದ್ದನೆಯ ಪ್ಯಾಸೇಜು ದಾಟಿ ಆ ಕೋಣೆಗೆ ಬಂದರೆ ಅದೇ ಬಾಯ್ಲರಿನ ಅದೇ ನೀರು ಉಗುರು ಬೆಚ್ಚಗೆ. ಅಪ್ಪ ದೂರುವವರಲ್ಲ. ‘ಕಂಬಳಿ ಇದೆಯಲ್ಲ, ಸಾಕು ಬಿಡು’ ಅನ್ನುತ್ತಿದ್ದರು. ಆದರೆ ಬೆಳಗ್ಗೆ ಏಳುವಾಗ ಅವರ ಬೆರಳು ಮರಗಟ್ಟಿರುತ್ತಿದ್ದವು, ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಆ ಗುಂಡಿಯನ್ನು ನೋಡಿಕೊಂಡು ನನಗೆ ಸುಮ್ಮನಿರಲು ಆಗಲಿಲ್ಲ.

ನಮ್ಮದು ಹಳೆಯ ಮನೆ. ಎರಡು ಅಂತಸ್ತು, ಒಂಬತ್ತು ರೇಡಿಯೇಟರ್. ಕೆಳಗಿನ ನಾಲ್ಕು ಬೀಡು ಕಬ್ಬಿಣದವು, ಕಂಬ ಕಂಬ ಜೋಡಿಸಿದಂಥವು, ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರ. ಮೇಲಿನ ಐದು ಆಮೇಲೆ ಯಾರೋ ಹಾಕಿಸಿದ ತೆಳು ಉಕ್ಕಿನ ಹಲಗೆಗಳು. ಎಲ್ಲಕ್ಕೂ ಒಂದೇ ಬಾಯ್ಲರ್, ಒಂದೇ ಪಂಪು. ಬಿಸಿನೀರು ಒಂದು ಕೊಳವೆಯಲ್ಲಿ ಹೋಗಿ, ತಣಿದ ನೀರು ಇನ್ನೊಂದರಲ್ಲಿ ಹಿಂದೆ ಬರುವ ವ್ಯವಸ್ಥೆ. ನೀರಿನ ಬದಲು ಹಬೆ ಓಡುವ ವ್ಯವಸ್ಥೆಗಳೂ ಹಳೆಯ ಮನೆಗಳಲ್ಲಿ ಇರುತ್ತವೆ. ಅವುಗಳ ಕಾಯಿಲೆ ಬೇರೆ, ಮದ್ದು ಬೇರೆ. ನಾನು ಇಲ್ಲಿ ಹೇಳುವ ಯಾವುದನ್ನೂ ಅವುಗಳ ಮೇಲೆ ಪ್ರಯೋಗಿಸಬೇಡಿ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಾಯ್ಲರಿನ ಉಷ್ಣತೆ ಏರಿಸಿದೆ. ಹಜಾರ ಕುದಿಯತೊಡಗಿತು, ಅಲ್ಲಿ ಕಿಟಕಿ ತೆರೆದು ಕೂರುವ ಹಾಗಾಯಿತು. ಮೂಲೆಕೋಣೆ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ರಿಪೇರಿಗೆ ಬಂದವರು ‘ರೇಡಿಯೇಟರ್ ಹಳೆಯದಾಗಿದೆ, ಬದಲಾಯಿಸಿ’ ಅಂದರು. ಬದಲಾಯಿಸಿದೆವು. ಬೆಳ್ಳಗೆ ಹೊಳೆಯುವ ಹೊಸ ರೇಡಿಯೇಟರ್ ಗೋಡೆಗೆ ಬಂತು. ಅಂದು ರಾತ್ರಿ ಕೈಯಿಟ್ಟು ನೋಡಿದೆ. ಉಗುರು ಬೆಚ್ಚಗೆ.

ಹಳೆಯದನ್ನು ಕಳಚಿದಾಗ ನೆಲಕ್ಕೆ ಹಾಸಿದ್ದ ಬಟ್ಟೆಯ ಮೇಲೆ ಮಸಿಯಂಥ ಕಪ್ಪು ನೀರು ಚೆಲ್ಲಿತ್ತು. ಒರೆಸಿದರೂ ಕಲೆ ಹೋಗಿರಲಿಲ್ಲ. ಅದೇ ದಿನ ಆ ಕಪ್ಪಿಗೆ ಕಾರಣ ಕೇಳಿದ್ದರೆ ಒಂದು ಇಡೀ ಚಳಿಗಾಲ ಉಳಿಯುತ್ತಿತ್ತು.

ಆಮೇಲೆ ಒಂದು ಭಾನುವಾರ ಕೂತು ಕಾಗದದ ಮೇಲೆ ಮನೆಯ ನಕ್ಷೆ ಬರೆದೆ. ಬಾಯ್ಲರ್ ಎಲ್ಲಿದೆ, ಕೊಳವೆ ಯಾವ ಕಡೆಯಿಂದ ಏರುತ್ತದೆ, ಯಾವ ರೇಡಿಯೇಟರ್ ಹತ್ತಿರ, ಯಾವುದು ದೂರ. ಮನೆಯೆಲ್ಲ ಬಿಸಿಯಾದ ಮೇಲೆ ಒಂದೊಂದರ ಮುಂದೆಯೂ ಕೂತು ಅಂಗೈಯನ್ನು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ನಿಧಾನವಾಗಿ ಸರಿಸಿದೆ. ಎಲ್ಲಿ ಬಿಸಿ, ಎಲ್ಲಿ ತಂಪು ಎಂದು ನಕ್ಷೆಯಲ್ಲಿ ಗುರುತು ಹಾಕಿದೆ. ನಾಡಿ ಹಿಡಿದು ನೋಡುವ ಹಾಗೆಯೇ ಇದು. ರೇಡಿಯೇಟರ್‌ಗೆ ಏನಾಗಿದೆ ಎಂಬುದನ್ನು ಅದರ ತಂಪು ಇರುವ ಜಾಗವೇ ಹೇಳುತ್ತದೆ.

ಮೇಲ್ಭಾಗ ತಂಪಾಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ. ನೀರು ಅಷ್ಟೆತ್ತರ ಏರುತ್ತಲೇ ಇಲ್ಲ. ಮೇಲೆ ಬಿಸಿಯಿದ್ದು ಕೆಳಗೆ, ಅದರಲ್ಲೂ ನಡುವಿನಲ್ಲಿ, ತಂಪಾಗಿದ್ದರೆ ತಳದಲ್ಲಿ ಗಸಿ ಕೂತಿದೆ. ಒಳಬರುವ ಕೊಳವೆ ಸುಡುತ್ತಿದ್ದು ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ವಾಲ್ವ್ ಕಚ್ಚಿಕೊಂಡಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಸಮ ಉಗುರು ಬೆಚ್ಚಗಿದ್ದರೆ ಆ ರೇಡಿಯೇಟರ್‌ನಲ್ಲಿ ಬಹುಮಟ್ಟಿಗೆ ದೋಷವೇ ಇಲ್ಲ, ಅದಕ್ಕೆ ಸಾಕಷ್ಟು ನೀರು ಬರುತ್ತಿಲ್ಲ ಅಷ್ಟೆ. ನನ್ನ ನಕ್ಷೆಯಲ್ಲಿ ಈ ನಾಲ್ಕೂ ಇದ್ದವು. ಅಪ್ಪನ ಕೋಣೆಯದು ಕೊನೆಯ ಬಗೆ. ಯಾವುದನ್ನು ಬದಲಾಯಿಸಿದ್ದೆವೋ ಅದು ಆರೋಗ್ಯವಾಗಿಯೇ ಇತ್ತು.

ಗಾಳಿಯಿಂದ ಶುರುಮಾಡಿದೆ. ಬಾಯ್ಲರ್, ಪಂಪು ಎರಡನ್ನೂ ನಿಲ್ಲಿಸಿ ನೀರು ಆರಲು ಬಿಡಬೇಕು. ಪಂಪು ಓಡುತ್ತಿರುವಾಗ ಗಾಳಿ ಬಿಡಲು ಹೋದರೆ ಅದು ಗುಳ್ಳೆ ಗುಳ್ಳೆಯಾಗಿ ನೀರಿನ ಜೊತೆ ಸುತ್ತುತ್ತದೆ, ಕೆಲವೊಮ್ಮೆ ಹೊರಗಿನ ಗಾಳಿಯೇ ಒಳಗೆ ಎಳೆದುಕೊಳ್ಳುತ್ತದೆ. ರೇಡಿಯೇಟರ್‌ನ ಮೇಲಿನ ಮೂಲೆಯಲ್ಲಿ ಒಂದು ಚೌಕದ ಮೊಳೆಯಂಥ ಬ್ಲೀಡ್ ವಾಲ್ವ್ ಇರುತ್ತದೆ. ಅದಕ್ಕೆ ಪುಟ್ಟ ಕೀಲಿ. ಬಟ್ಟೆ ಹಿಡಿದುಕೊಂಡು ಕಾಲು ಸುತ್ತು ತಿರುಗಿಸಿದರೆ ಸಾಕು, ಸುಯ್ಯೆಂದು ಉಸಿರು ಬಿಡುತ್ತದೆ. ಉಸಿರು ತುಂಡುತುಂಡಾಗಿ, ಉಗುಳು ಸಿಡಿದಂತೆ ಹನಿ ಹಾರಿ, ಕೊನೆಗೆ ನೂಲಿನಂಥ ನೀರಿನ ಎಳೆ ಬಂದಾಗ ಮುಚ್ಚಬೇಕು. ಮಹಡಿಯ ಎರಡು ರೇಡಿಯೇಟರ್‌ಗಳು ಅಂದೇ ತುದಿಯವರೆಗೂ ಬಿಸಿಯಾದವು.

ಗಾಳಿ ಹೋದ ಜಾಗಕ್ಕೆ ನೀರು ಬೇಕಲ್ಲ, ಒತ್ತಡದ ಗೇಜ್ ಇಳಿದಿತ್ತು. ನೀರನ್ನು 10 ಮೀಟರ್ ಎತ್ತರಕ್ಕೆ ನಿಲ್ಲಿಸಲು ಸುಮಾರು 1 ಬಾರ್ ಒತ್ತಡ ಬೇಕು. ಗೇಜ್‌ನಿಂದ 5–6 ಮೀಟರ್ ಮೇಲಿರುವ ರೇಡಿಯೇಟರ್ ತುಂಬಲು 0.6 ಬಾರ್, ಅದರ ಮೇಲೆ ಸ್ವಲ್ಪ ಕೈಮಿಗಿಲು. ಎರಡಂತಸ್ತಿನ ಮನೆಗಳಲ್ಲಿ ನೀರು ತಣ್ಣಗಿರುವಾಗ 1ರಿಂದ 1.5 ಬಾರ್ ಇರಲಿ ಎನ್ನುವುದು ಈ ಲೆಕ್ಕದಿಂದಲೇ. ನಾನು ನೀರು ತುಂಬಿಸಿದೆ. ವಾರ ಕಳೆಯಿತು. ಗೇಜ್ ಮತ್ತೆ ಇಳಿದಿತ್ತು, ರೇಡಿಯೇಟರ್‌ನಲ್ಲಿ ಮತ್ತೆ ಗಾಳಿ. ಮತ್ತೆ ಬಿಟ್ಟೆ, ಮತ್ತೆ ತುಂಬಿಸಿದೆ. ಹೀಗೆ ಐದಾರು ವಾರ.

ಇದು ಎಷ್ಟು ದೊಡ್ಡ ತಪ್ಪು ಎಂದು ತಿಳಿದದ್ದು ನಂತರ. ಮುಚ್ಚಿದ ವ್ಯವಸ್ಥೆಯೊಳಗೆ ವರ್ಷಗಟ್ಟಲೆ ಸುತ್ತುವ ನೀರಿನಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಹಾಗಾಗಿಯೇ ಉಕ್ಕು, ಬೀಡು ಎರಡೂ ಅದರಲ್ಲಿ ದಶಕಗಳ ಕಾಲ ಬಾಳುತ್ತವೆ. ನಲ್ಲಿಯಿಂದ ಹೊಸ ನೀರು ಬಂದಾಗಲೆಲ್ಲ ಅದರ ಜೊತೆ ಹೊಸ ಆಮ್ಲಜನಕವೂ ಬರುತ್ತದೆ. ತಣ್ಣೀರಿನಲ್ಲಿ ಗಾಳಿ ಹೆಚ್ಚು ಕರಗಿರುತ್ತದೆ, ಕಾಯಿಸಿದಾಗ ಹೊರಗೆ ಬೀಳುತ್ತದೆ. ಅದೇ ಗಾಳಿ ಮಹಡಿಯ ರೇಡಿಯೇಟರ್‌ನ ತಲೆಯಲ್ಲಿ ಹೋಗಿ ಕೂರುತ್ತದೆ. ನಾನು ವಾರವಾರ ತುಂಬಿಸಿದ ನೀರು ಒಂದು ಕಡೆ ಗಾಳಿಯನ್ನೂ ಇನ್ನೊಂದು ಕಡೆ ತುಕ್ಕನ್ನೂ ಮನೆಯೊಳಗೆ ತಂದಿತು. ಇನ್ನೂ ಒಂದಿದೆ. ಕಬ್ಬಿಣ ಆಮ್ಲಜನಕವಿಲ್ಲದ ನೀರಿನಲ್ಲಿ ಸವೆಯುವಾಗ ಜಲಜನಕ ಹುಟ್ಟುತ್ತದೆ. ಮತ್ತೆ ಮತ್ತೆ ತುಂಬಿಕೊಳ್ಳುವ ‘ಗಾಳಿ’ ಎಷ್ಟೋ ಸಲ ಗಾಳಿಯೇ ಆಗಿರುವುದಿಲ್ಲ. ಅದು ಹೊತ್ತಿಕೊಳ್ಳುವ ಅನಿಲ. ಬ್ಲೀಡ್ ಮಾಡುವಾಗ ಹತ್ತಿರದಲ್ಲಿ ಬೆಂಕಿ, ಸಿಗರೇಟು ಇರಕೂಡದು.

ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಹುಡುಕಿದಾಗ ಎರಡು ಕಡೆ ಸಿಕ್ಕಿತು. ಊಟದ ಕೋಣೆಯ ರೇಡಿಯೇಟರ್‌ನ ವಾಲ್ವ್ ಬುಡದಲ್ಲಿ ಹಸಿರುಬಿಳುಪಿನ ಹೊಪ್ಪಳೆ ಕಟ್ಟಿತ್ತು. ಹನಿ ಬೀಳುವುದು ಕಾಣುತ್ತಿರಲಿಲ್ಲ, ಬಿಸಿಗೆ ಅಲ್ಲೇ ಆರಿಹೋಗುತ್ತಿತ್ತು. ಎರಡನೆಯದು ಹಿಗ್ಗುಪಾತ್ರೆ, ಅಂದರೆ ಎಕ್ಸ್‌ಪಾನ್ಶನ್ ವೆಸಲ್. 10 ಡಿಗ್ರಿಯಿಂದ 70 ಡಿಗ್ರಿಗೆ ಕಾದ ನೀರು ಶೇ. 2ಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ. 100 ಲೀಟರ್ ನೀರಿದ್ದರೆ 2 ಲೀಟರ್‌ಗೆ ಹೆಚ್ಚಿನ ಜಾಗ ಬೇಕು. ಅದನ್ನು ಕೊಡಲು ಒಂದು ಡಬ್ಬಿಯೊಳಗೆ ರಬ್ಬರ್ ಪೊರೆ, ಅದರಾಚೆ ಗಾಳಿ. ನಮ್ಮದರಲ್ಲಿ ಗಾಳಿ ಸೋರಿಹೋಗಿತ್ತು. ನೀರು ಹಿಗ್ಗಿದಾಗ ಜಾಗವಿಲ್ಲದೆ ಒತ್ತಡ ಏರಿ, ಸುರಕ್ಷತಾ ವಾಲ್ವ್ ತೆರೆದು ಹೊರಗೆ ಚೆಲ್ಲುತ್ತಿತ್ತು. ಆರಿದಾಗ ಒತ್ತಡ ಪಾತಾಳಕ್ಕೆ. ಬಾಯ್ಲರಿಗೆ ಸೇರಿದ ಇದನ್ನೆಲ್ಲ ನಾನು ಮುಟ್ಟಲಿಲ್ಲ, ಪರವಾನಗಿ ಇರುವ ತಂತ್ರಜ್ಞರಿಂದಲೇ ಸರಿಮಾಡಿಸಿದೆ. ಗ್ಯಾಸ್ ಉರಿಯುವ ಪೆಟ್ಟಿಗೆಯನ್ನು ತಿಳಿಯದವರು ತೆರೆಯಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಚ್ಚಿಕೊಂಡ ವಾಲ್ವ್‌ನದು ಸಣ್ಣ ಕತೆ. ರೇಡಿಯೇಟರ್‌ನ ಒಂದು ಬದಿಯಲ್ಲಿ ಅಂಕಿಗಳಿರುವ ಗುಂಡು ತಲೆ ಇರುತ್ತದಲ್ಲ, ಕೋಣೆ ಬೆಚ್ಚಗಾದೊಡನೆ ತಾನೇ ನೀರನ್ನು ತಡೆಯುವಂಥದ್ದು, ಅದು ಡೆನ್ಮಾರ್ಕಿನ ಮ್ಯಾಡ್ಸ್ ಕ್ಲಾಸೆನ್ 1943ರಲ್ಲಿ ರೂಪಿಸಿದ್ದು. ವಿದ್ಯುತ್ ಬೇಡ, ತಂತಿ ಬೇಡ. ತಲೆಯೊಳಗಿನ ಮೇಣವೋ ದ್ರವವೋ ಬೆಚ್ಚಗಾಗಿ ಹಿಗ್ಗಿ, ಒಂದು ಸಣ್ಣ ಕಡ್ಡಿಯನ್ನು ಒಳಕ್ಕೆ ಒತ್ತುತ್ತದೆ. ಬೇಸಿಗೆಯುದ್ದಕ್ಕೂ ತಲೆಯನ್ನು ಪೂರ್ತಿ ಮುಚ್ಚಿಟ್ಟರೆ ಕಡ್ಡಿ ಒತ್ತಿಕೊಂಡೇ ಇದ್ದು ಅಲ್ಲೇ ಹಿಡಿದುಕೊಳ್ಳುತ್ತದೆ. ತಲೆ ಬಿಚ್ಚಿ, ಕಡ್ಡಿಯನ್ನು ಮೃದುವಾಗಿ ಒತ್ತಿ ಬಿಟ್ಟು, ಒಂದು ತೊಟ್ಟು ಎಣ್ಣೆ ಸವರಿ ಆಡಿಸಿದರೆ ಹೆಚ್ಚಿನವು ಮತ್ತೆ ಪುಟಿಯುತ್ತವೆ. ಇಕ್ಕುಳದಲ್ಲಿ ಹಿಡಿದು ಎಳೆಯಬೇಡಿ, ಕಿತ್ತು ಕೈಗೆ ಬಂದರೆ ನೀರು ಚಿಮ್ಮುತ್ತದೆ. ಬೇಸಿಗೆಯಲ್ಲಿ ಈ ತಲೆಗಳನ್ನು ಪೂರ್ತಿ ತೆರೆದಿಡುವುದು ಈಗ ನಮ್ಮ ಮನೆಯ ರೂಢಿ.

ಗಸಿಯ ಕೆಲಸ ನಿಜಕ್ಕೂ ಕೆಲಸ. ಓದುವ ಕೋಣೆಯ ರೇಡಿಯೇಟರ್ ತಳದಲ್ಲಿ ಒಂದು ಗೇಣಿನಷ್ಟು ತಣ್ಣಗಿತ್ತು. ಎರಡು ಬದಿಯ ವಾಲ್ವ್ ಮುಚ್ಚಿ, ಕೆಳಗೆ ಬೋಗುಣಿ ಇಟ್ಟು, ನಟ್ಟು ಸಡಿಲಿಸಿ, ನೀರಿಳಿಸಿ, ಕೊಂಡಿಯಿಂದ ಎತ್ತಿದಾಗ ತಳದಲ್ಲಿ ಏನೋ ಜಾರಿದ ಸದ್ದು. ಅಂಗಳಕ್ಕೆ ಹೊತ್ತು ತಂದು ಒಂದು ಬಾಯಿಗೆ ನೀರಿನ ಪೈಪು ಹಿಡಿದೆ. ಇನ್ನೊಂದು ಬಾಯಿಂದ ಮೊದಲು ಕಾಡಿಗೆಯಂಥ ಕಪ್ಪು, ಆಮೇಲೆ ಗಟ್ಟಿ ರಾಡಿ, ನಡುನಡುವೆ ಹೆಪ್ಪುಗಟ್ಟಿದ ತುಣುಕು. ರಬ್ಬರ್ ಸುತ್ತಿಗೆಯಿಂದ ತಟ್ಟಿದಷ್ಟೂ ಬಂತು. ಮುಕ್ಕಾಲು ಗಂಟೆಯ ನಂತರವೇ ನೀರು ತಿಳಿಯಾದದ್ದು. ಆ ರಾಡಿಯನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಹೊರಗಿನಿಂದ ಅಯಸ್ಕಾಂತ ತಾಗಿಸಿದೆ. ಕಪ್ಪೆಲ್ಲ ಗಾಜಿನ ಆ ಬದಿಗೆ ಬಂದು ಮುಳ್ಳುಮುಳ್ಳಾಗಿ ನಿಂತಿತು. ಅಪ್ಪ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಅದು ಮ್ಯಾಗ್ನೆಟೈಟ್. ಕೆಂಪು ತುಕ್ಕು ಆಮ್ಲಜನಕ ಧಾರಾಳವಾಗಿರುವಲ್ಲಿ ಹುಟ್ಟುವಂಥದ್ದು, ಕಪ್ಪು ಮ್ಯಾಗ್ನೆಟೈಟ್ ಆಮ್ಲಜನಕ ಕಡಿಮೆಯಿರುವಲ್ಲಿ. ಬ್ಲೀಡ್ ಮಾಡುವಾಗ ಬರುವ ನೀರು ಕೆಂಪಗಿದ್ದರೆ ಎಲ್ಲಿಂದಲೋ ಹೊಸ ಗಾಳಿ ನುಗ್ಗುತ್ತಲೇ ಇದೆ ಎಂದರ್ಥ. ಮ್ಯಾಗ್ನೆಟೈಟ್ ನೀರಿಗಿಂತ ಐದು ಪಟ್ಟು ಭಾರ, ಹರಿವು ಎಲ್ಲಿ ನಿಧಾನವೋ ಅಲ್ಲಿ ಕೂರುತ್ತದೆ. ರೇಡಿಯೇಟರ್‌ನ ತಳದ ನಡುಭಾಗ ಅಂಥ ಜಾಗ. ಇದು ಅಯಸ್ಕಾಂತಕ್ಕೆ ಅಂಟುವುದರಿಂದ ಹೊಸ ಮಾದರಿಯ ಪಂಪುಗಳೊಳಗಿನ ಅಯಸ್ಕಾಂತಕ್ಕೂ ಅಂಟಿ ಅವುಗಳನ್ನು ಕೊಲ್ಲುತ್ತದೆ. ಅದೇ ಗುಣವನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬಹುದು. ಬಾಯ್ಲರಿಗೆ ಮರಳುವ ಕೊಳವೆಯ ಮೇಲೆ ಅಯಸ್ಕಾಂತದ ಫಿಲ್ಟರ್ ಕೂರಿಸಿದರೆ ಸುತ್ತುವ ಕಪ್ಪನ್ನೆಲ್ಲ ಅದು ಹಿಡಿದಿಡುತ್ತದೆ.

ಯಂತ್ರ ಇಟ್ಟು ಇಡೀ ಮನೆಯ ಕೊಳವೆಗಳನ್ನು ಜೋರಾಗಿ ತೊಳೆಯುವ ಪವರ್ ಫ್ಲಶ್ ಬಗ್ಗೆಯೂ ಯೋಚಿಸಿದೆ, ಬೇಡವೆಂದುಕೊಂಡೆ. ಹಳೆಯ ಕೂಡುಗಳಲ್ಲಿ ಎಷ್ಟೋ ಸಣ್ಣ ತೂತುಗಳನ್ನು ಆ ಗಸಿಯೇ ಮುಚ್ಚಿಕೊಂಡಿರುತ್ತದೆ, ತೊಳೆದೊಡನೆ ಬಾಯಿಬಿಡುತ್ತವೆ. ನನ್ನ ಕಣ್ಣಿಗೆ ಬಿದ್ದ ಮೂರು ರೇಡಿಯೇಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದೆ. ಬೀಡಿನವನ್ನು ಗೋಡೆಯಿಂದ ಸರಿಸಲಿಲ್ಲ, ಸುತ್ತಿಗೆ ಮುಟ್ಟಿಸಲಿಲ್ಲ. ಬೀಡು ಪೆಟ್ಟು ತಾಳದು, ಗಾಜಿನ ಹಾಗೆ ಸೀಳುತ್ತದೆ. ಕೊನೆಗೆ ಇಡೀ ನೀರನ್ನು ಇಳಿಸಿ, ಹೊಸದು ತುಂಬಿ, ತುಕ್ಕು ತಡೆಯುವ ಇನ್ಹಿಬಿಟರ್ ದ್ರಾವಣ ಹಾಕಿದೆ.

ಇಷ್ಟೆಲ್ಲ ಆದ ಮೇಲೂ ಅಪ್ಪನ ಕೋಣೆ ಸ್ವಲ್ಪ ಮಾತ್ರ ಸುಧಾರಿಸಿತ್ತು. ಉಗುರು ಬೆಚ್ಚಗಿದ್ದದ್ದು ಹದ ಬೆಚ್ಚಗೆ ಅನ್ನಬಹುದು.

ಕಾಲುವೆಯ ಕೊನೆಭಾಗದ ರೈತರ ಪಾಡು ನಮಗೆಲ್ಲ ಗೊತ್ತಿರುವುದೇ. ಅಣೆಕಟ್ಟೆ ತುಂಬಿರುತ್ತದೆ, ಕಾಲುವೆಯಲ್ಲಿ ನೀರೂ ಬಿಟ್ಟಿರುತ್ತಾರೆ. ಮೇಲ್ಭಾಗದ ಹೊಲಗಳ ತೂಬು ಪೂರ್ತಿ ತೆರೆದಿದ್ದರೆ ಕೊನೆಯ ಹೊಲಕ್ಕೆ ಬರುವುದು ಒದ್ದೆ ಮಣ್ಣು ಮಾತ್ರ. ಹೊಲ ಬದಲಾಯಿಸಿ ಏನು ಪ್ರಯೋಜನ? ನನ್ನ ನಕ್ಷೆಯ ಮುಂದೆ ಕೂತಾಗ ಹೊಳೆದದ್ದು ಇದೇ. ಪಂಪು ತಳ್ಳಿದ ನೀರು ಸುಲಭದ ದಾರಿ ಹಿಡಿಯುತ್ತದೆ. ಬಾಯ್ಲರ್ ಪಕ್ಕದ ಹಜಾರದ ರೇಡಿಯೇಟರ್‌ಗೆ ಹೋಗಿ ಬರುವ ದಾರಿ ನಾಲ್ಕು ಮಾರು. ಅಪ್ಪನ ಕೋಣೆಗೆ ಹೋಗಿ ಬರಲು ಮಹಡಿ ಹತ್ತಿ, ಹತ್ತಾರು ತಿರುವು ದಾಟಬೇಕು. ಹೆಚ್ಚಿನ ನೀರು ಹಜಾರವನ್ನೇ ಸುತ್ತಿ, ತಣಿಯುವ ಮೊದಲೇ ಬಾಯ್ಲರಿಗೆ ಮರಳುತ್ತಿತ್ತು.

ಪ್ರತಿ ರೇಡಿಯೇಟರ್‌ನ ಇನ್ನೊಂದು ತುದಿಯಲ್ಲಿ ಟೊಪ್ಪಿಗೆ ಹಾಕಿದ ಒಂದು ವಾಲ್ವ್ ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಲಾಕ್‌ಶೀಲ್ಡ್ ಎನ್ನುತ್ತಾರೆ. ಅದೇ ತೂಬು. ನಮ್ಮ ಮನೆಯ ಒಂಬತ್ತೂ ತೂಬುಗಳು ಪೂರ್ತಿ ತೆರೆದಿದ್ದವು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಲೆಕ್ಕವಿದೆ. 1 ಕಿಲೋವಾಟ್ ಶಾಖ ಕೊಡಲು, ನೀರು ರೇಡಿಯೇಟರ್ ದಾಟುವಾಗ 10 ಡಿಗ್ರಿ ತಣಿಯುತ್ತದೆ ಎಂದುಕೊಂಡರೆ, ಗಂಟೆಗೆ ಸುಮಾರು 86 ಲೀಟರ್ ಹರಿಯಬೇಕು. 20 ಡಿಗ್ರಿ ತಣಿಯಲು ಬಿಟ್ಟರೆ ಅದರ ಅರ್ಧ, 43 ಲೀಟರ್ ಸಾಕು. ಹರಿವು ಅರ್ಧಕ್ಕೆ ಇಳಿದರೆ ಶಾಖವೂ ಅರ್ಧಕ್ಕೆ ಇಳಿಯಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗುವುದಿಲ್ಲ. ನೀರು ನಿಧಾನವಾಗಿ ಹರಿದು ಹೆಚ್ಚು ತಣಿಯುತ್ತದೆ, ಸಾಧಾರಣವಾಗಿ ಶೇ. 80ರಷ್ಟೋ ಅದಕ್ಕಿಂತ ಹೆಚ್ಚೋ ಶಾಖ ಕೋಣೆಗೆ ಸಿಕ್ಕೇ ಸಿಗುತ್ತದೆ. ಹಜಾರದ ತೂಬನ್ನು ಬಿಗಿದರೆ ಹಜಾರ ಕಳೆದುಕೊಳ್ಳುವುದು ಅತ್ಯಲ್ಪ, ಮೂಲೆಕೋಣೆ ಪಡೆಯುವುದು ಬಹಳ. ಹೊಲದಲ್ಲಿ ಹಂಚಿಕೆ ಇಷ್ಟು ಸಲೀಸಾಗಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ.

ಮೂರು ಸಂಜೆ ಇದಕ್ಕೇ ಮೀಸಲಿಟ್ಟೆ. ಮೊದಲು ಅಂಕಿಗಳ ತಲೆಗಳನ್ನೆಲ್ಲ ಪೂರ್ತಿ ತೆರೆದೆ, ಇಲ್ಲವಾದರೆ ಅವು ನಡುವೆ ಮುಚ್ಚಿಕೊಂಡು ಲೆಕ್ಕ ಕೆಡಿಸುತ್ತವೆ. ತಣ್ಣಗಿನ ಮನೆಯಲ್ಲಿ ಬಾಯ್ಲರ್ ಹಚ್ಚಿ, ಯಾವುದು ಮೊದಲು ಬಿಸಿಯಾಗುತ್ತದೆ ಎಂದು ಬರೆದುಕೊಂಡೆ. ಮೊದಲು ಹಜಾರ, ಕೊನೆಗೆ ಅಪ್ಪನ ಕೋಣೆ. ಆಮೇಲೆ ಹಜಾರದ ಲಾಕ್‌ಶೀಲ್ಡನ್ನು ಪೂರ್ತಿ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆದೆ. ಮುಂದಿನದ್ದು ಅರ್ಧ ಸುತ್ತು. ಹೀಗೆ ದೂರ ಹೋದಂತೆ ಸಡಿಲಿಸುತ್ತ, ಅಪ್ಪನ ಕೋಣೆಯದನ್ನು ಪೂರ್ತಿ ಬಿಟ್ಟೆ. ಒಳಬರುವ ಮತ್ತು ಹೊರಹೋಗುವ ಕೊಳವೆಗೆ ಒಂದೊಂದು ಉಷ್ಣಮಾಪಕ ಕಟ್ಟಿ ಎರಡರ ಅಂತರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬರುವಂತೆ ತಿದ್ದಿದೆ. ದೂರದಿಂದ ಗುರಿಯಿಟ್ಟು ಅಳೆಯುವ ಇನ್ಫ್ರಾರೆಡ್ ಮಾಪಕ ಬಳಸುವವರು ಕೊಳವೆಗೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಬೇಕು. ಹೊಳೆಯುವ ತಾಮ್ರ ಸುಳ್ಳು ಅಂಕಿ ತೋರಿಸುತ್ತದೆ.

ತಾಳ್ಮೆ ಬೇಡುವ ಕೆಲಸ. ಒಂದನ್ನು ಬಿಗಿದರೆ ಉಳಿದ ಎಂಟೂ ಬದಲಾಗುತ್ತವೆ, ಪ್ರತಿ ಸಲ ಇಪ್ಪತ್ತು ನಿಮಿಷ ಕಾಯಬೇಕು. ಕಾಯುವಾಗ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಮನೆ ಬಿಸಿಯಾಗುವ ಸದ್ದು ಅಲ್ಲಿ ಚೆನ್ನಾಗಿ ಕೇಳುತ್ತಿತ್ತು. ಕೊಳವೆ ಹಿಗ್ಗಿ ಮರದ ತೊಲೆಗೆ ಉಜ್ಜಿದಾಗ ಟಕ್ ಎಂಬ ಒಂದು ಸದ್ದು, ಗಾಳಿಯ ಗುಳ್ಳೆ ಹಾದಾಗ ಗುಳುಗುಳು. ಎರಡನೆಯ ಸಂಜೆ ಪ್ಯಾಸೇಜಿನ ಆ ತುದಿಯಿಂದ, ಇದುವರೆಗೆ ಸದ್ದೇ ಬಾರದಿದ್ದ ಕಡೆಯಿಂದ, ಟಕ್ ಎಂದಿತು. ಎದ್ದು ಓಡಿದೆ.

ಇಷ್ಟಾದ ಮೇಲೆ ಬಾಯ್ಲರಿನ ಉಷ್ಣತೆಯನ್ನು ಇಳಿಸಲೂ ಸಾಧ್ಯವಾಯಿತು. ಎಷ್ಟು ಇಳಿಸಬಹುದು ಎನ್ನುವುದಕ್ಕೆ ಮಿತಿಯಿದೆ. ರೇಡಿಯೇಟರ್‌ನ ಸಾಮರ್ಥ್ಯವನ್ನು ಯುರೋಪಿನ ಮಾನದಂಡದಲ್ಲಿ ಒಳಬರುವ ನೀರು 75, ಹೊರಹೋಗುವ ನೀರು 65, ಕೋಣೆ 20 ಡಿಗ್ರಿ ಎಂದು ಹಿಡಿದು ಅಳೆಯುತ್ತಾರೆ, ಸರಾಸರಿ 50 ಡಿಗ್ರಿ ಅಂತರ. ನೀರನ್ನು 55ಕ್ಕೆ ಕಳಿಸಿ 45ಕ್ಕೆ ಮರಳಿಸಿದರೆ ಅಂತರ 30ಕ್ಕೆ ಇಳಿಯುತ್ತದೆ, ಶಾಖ ಹತ್ತಿರಹತ್ತಿರ ಅರ್ಧವಾಗುತ್ತದೆ. ಆದರೂ ಹಳೆಯ ಮನೆಗಳಿಗೆ ಇಲ್ಲೊಂದು ಅದೃಷ್ಟವಿದೆ. ಬೀಡಿನ ಆ ದೊಡ್ಡ ರೇಡಿಯೇಟರ್‌ಗಳನ್ನು ಸಂದು ಸಂದಿನಿಂದ ಗಾಳಿ ನುಗ್ಗುತ್ತಿದ್ದ ಕಾಲದಲ್ಲಿ ಲೆಕ್ಕಹಾಕಿ ಇಟ್ಟದ್ದು. ಕಿಟಕಿ ಬಿಗಿಮಾಡಿ, ಅಟ್ಟಕ್ಕೆ ಹೊದಿಕೆ ಹಾಸಿದ ಮೇಲೆ ಅವು ಬೇಕಾದ್ದಕ್ಕಿಂತ ದೊಡ್ಡವೇ. ಕಡಿಮೆ ಉಷ್ಣತೆಯಲ್ಲೂ ಸಾಕಷ್ಟು ಕಾವು ಕೊಡುತ್ತವೆ. ಕಂಡೆನ್ಸಿಂಗ್ ಮಾದರಿಯ ಬಾಯ್ಲರ್ ಇರುವವರಿಗೆ ಇದು ನೇರ ಉಳಿತಾಯ. ಮರಳುವ ನೀರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿನ ಹಬೆ ನೀರಾಗಿ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ.

ಕೆಲವು ಕೋಣೆಗಳಿಗೆ ಕೊಳವೆಯನ್ನೇ ಮುಟ್ಟಬೇಕಾಗಿರಲಿಲ್ಲ. ರೇಡಿಯೇಟರ್ ಎಂಬ ಹೆಸರು ಕಿರಣಗಳ ನೆನಪು ತಂದರೂ ಅದು ಬಹುಪಾಲು ಕೆಲಸ ಮಾಡುವುದು ಗಾಳಿಯನ್ನು ಕಾಯಿಸಿ ಮೇಲಕ್ಕೆ ಕಳಿಸುವುದರಿಂದ. ಕೆಳಗಿನಿಂದ ತಂಪು ಗಾಳಿ ಬರಲು, ಮೇಲಿನಿಂದ ಬಿಸಿ ಗಾಳಿ ಹೋಗಲು ದಾರಿ ಬೇಕು. ಒಂದು ಕೋಣೆಯಲ್ಲಿ ನೆಲದವರೆಗಿನ ಪರದೆ ರೇಡಿಯೇಟರನ್ನು ಮುಚ್ಚಿ ಅಷ್ಟೂ ಬಿಸಿಯನ್ನು ಕಿಟಕಿಯ ಗಾಜಿಗೆ ಕೊಡುತ್ತಿತ್ತು. ಪರದೆಯನ್ನು ಕಿಟಕಿಯ ಅಂಚಿಗೆ ಮೊಟಕು ಮಾಡಿ ಹೊಲಿದದ್ದೇ ಅಲ್ಲಿನ ರಿಪೇರಿ. ಇನ್ನೊಂದರ ಮುಂದಿನಿಂದ ದಿವಾನವನ್ನು ಒಂದು ಮೊಳ ಎಳೆದೆವು. ಜೋಡಿಹಲಗೆಯ ರೇಡಿಯೇಟರ್‌ಗಳ ನಡುವೆ ವರ್ಷಗಳ ದೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು, ಉದ್ದ ಕುಂಚದಿಂದ ಕೆರೆದು ತೆಗೆದೆ. ಬೀಡಿನವುಗಳ ಹಳೆಯ ಬಣ್ಣ ಕೆರೆಯುವ ಆಸೆಯಾದರೆ ಮಾತ್ರ ತಡೆಯಿರಿ, ಹಳೆಯ ಬಣ್ಣದಲ್ಲಿ ಸೀಸ ಇರುವುದುಂಟು. ಮೊದಲು ಪರೀಕ್ಷೆ ಮಾಡಿಸಿ.

ಈಗ ಬಾಯ್ಲರ್ ಇರುವ ಕಪಾಟಿನ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿದ್ದೇನೆ. ಒಂಬತ್ತು ರೇಡಿಯೇಟರ್, ಒಂದೊಂದರ ಲಾಕ್‌ಶೀಲ್ಡ್ ಎಷ್ಟು ಸುತ್ತು ತೆರೆದಿದೆ, ಕೊನೆಯ ಸಲ ಗಾಳಿ ಬಿಟ್ಟದ್ದು ಯಾವಾಗ, ಗೇಜ್ ಎಷ್ಟಿತ್ತು. ನಾಳೆ ಯಾರಾದರೂ ಬಂದು ರೇಡಿಯೇಟರ್ ಬಿಚ್ಚಿದರೆ ತೂಬನ್ನು ಹಿಂದಿನ ಅಳತೆಗೇ ನಿಲ್ಲಿಸಲಿ ಎಂದು. ಗೇಜಿನ ಸಾಲಿನಲ್ಲಿ ನಾಲ್ಕು ತಿಂಗಳಿಂದ ಒಂದೇ ಅಂಕಿ ಇದೆ, 1.3.

ಕಾಗದದ ಕೆಳಗೆ ಅಪ್ಪನ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿದೆ. ಅವರು ಯಾವಾಗ ಬರೆದರೋ ನನಗೆ ಗೊತ್ತಾಗಲಿಲ್ಲ. ‘ಮೂಲೆಕೋಣೆ: ಬೆಳಗ್ಗೆ 6ಕ್ಕೆ ಬಿಸಿ ಇದೆ.’